ಗುಂಡಿ ಒತ್ತಿದ ಮೇಲೆ ಯೋಚಿಸುವ ವುಲ್ವರಿನ್

ಕಳೆದ ಬೇಸಿಗೆ ರಜೆಯಲ್ಲಿ ತುಮಕೂರಿನ ಅಕ್ಕನ ಮನೆಗೆ ಹೋಗಿದ್ದೆ. ಆರನೇ ತರಗತಿ ಮುಗಿಸಿದ್ದ ಅಳಿಯ ನಡುಮನೆಯ ದೊಡ್ಡ ಟಿ.ವಿ.ಗೆ ಗೇಮ್ ಕನ್ಸೋಲ್ ಜೋಡಿಸಿಕೊಂಡು ಕುಳಿತಿದ್ದ. ಪರದೆಯ ಮೇಲೆ ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋಗಳು: ವುಲ್ವರಿನ್, ಸ್ಪೈಡರ್‌ಮ್ಯಾನ್, ಕ್ಯಾಪ್ಟನ್ ಅಮೆರಿಕ. ಅವನು ಆಡುತ್ತಿದ್ದದ್ದು ‘ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್’. 1998ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗಾಗಿ ಹುಟ್ಟಿದ ಆಟ ಅದು. ಜಪಾನಿನ ಕ್ಯಾಪ್ಕಾಮ್ ಕಂಪನಿ 2024ರಲ್ಲಿ ಇದನ್ನೂ ಇದೇ ಕಾಲದ ಇನ್ನಾರು ಆಟಗಳನ್ನೂ ಒಂದೇ ಕಂತೆಯಾಗಿ ಕಟ್ಟಿ ಈಗಿನ ಕನ್ಸೋಲ್‌ಗಳಿಗೆ ತಂದಿತು.

ಹತ್ತು ನಿಮಿಷ ನೋಡುತ್ತಾ ಕುಳಿತಿದ್ದೆ. ಹುಡುಗನ ಮುಖದಲ್ಲಿ ಸಂತೋಷವಿರಲಿಲ್ಲ. ಕೊನೆಗೆ ಕಂಟ್ರೋಲರ್ ನನ್ನ ಕೈಗಿಟ್ಟು ಹೇಳಿದ: “ಮಾವ, ನಾನು ಗುಂಡಿ ಒತ್ತಿದ ತಕ್ಷಣ ಇವನು ಹೊಡೆಯುವುದಿಲ್ಲ. ಒಂದು ಸಲ ಯೋಚನೆ ಮಾಡಿ ಆಮೇಲೆ ಹೊಡೆಯುತ್ತಾನೆ.”

ಅದೇ ಕಂತೆಯಲ್ಲಿರುವ ‘ದಿ ಪನಿಷರ್’ ತೆರೆದು ನಾನೂ ಆಡಿ ನೋಡಿದೆ. ಅದು 1993ರ ಆಟ. ನನ್ನ ಹುಡುಗುತನದಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕೆ ಆಡಿದ್ದು. ಪಕ್ಕದ ಯಂತ್ರದಲ್ಲಿ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಇತ್ತು. ಅದರ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಳದಿ ಟೋಪಿಯ ನಾಯಕನ ಹೆಸರಿನಿಂದ ಎಲ್ಲರಿಗೂ ಅದು ‘ಮುಸ್ತಫಾ’. ಆ ಅಂಗಡಿಯ ನೆನಪು ತಲೆಯಲ್ಲಿ ಮಾತ್ರವಲ್ಲ, ಹೆಬ್ಬೆರಳಿನಲ್ಲೂ ಉಳಿದಿದೆ. ಆ ಹೆಬ್ಬೆರಳು ಹೇಳಿತು: ಅಳಿಯ ಹೇಳುತ್ತಿರುವುದು ಸರಿ. ಆಟ ಅದೇ, ಚಿತ್ರ ಅದೇ, ಸದ್ದೂ ಅದೇ. ಆದರೆ ಕೈಗೂ ಕಣ್ಣಿಗೂ ನಡುವೆ ಏನೋ ಒಂದು ಬಂದು ಕುಳಿತಿದೆ.

ಅದು ಏನು ಎಂಬುದನ್ನು ಅವನಿಗೆ ಹೇಳಿದ ರೀತಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಆಟಗಳನ್ನು ಹೊಸ ಯಂತ್ರಗಳಲ್ಲಿ ಆಡುವ ಬಹಳ ಮಂದಿ “ಆಗಿನ ಮಜಾ ಈಗಿಲ್ಲ” ಎಂದು ಬಿಟ್ಟುಬಿಡುತ್ತಾರೆ, ವಯಸ್ಸಾಯಿತು ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಹಲವು ಸಲ ಕಾರಣ ವಯಸ್ಸಲ್ಲ, ಟಿ.ವಿ.

ಈ ಆಟಗಳ ಜಗತ್ತಿನಲ್ಲಿ ಕಾಲವನ್ನು ಅಳೆಯುವ ಮಾನ ಫ್ರೇಮ್. ಒಂದು ಸೆಕೆಂಡಿಗೆ ಸುಮಾರು 60 ಚಿತ್ರಗಳು ಬಂದುಹೋಗುತ್ತವೆ. ಅಂತಹ ಒಂದು ಚಿತ್ರದ ಆಯುಸ್ಸು ಸೆಕೆಂಡಿನ 60ರಲ್ಲಿ ಒಂದು ಭಾಗ, ಅಂದರೆ 17 ಮಿಲಿಸೆಕೆಂಡಿಗೂ ತುಸು ಕಡಿಮೆ. ಕಣ್ಣು ಮಿಟುಕಿಸುವ ಒಂದು ಸಲಕ್ಕೆ ಇಂತಹ ಹಲವು ಫ್ರೇಮ್‌ಗಳು ಕಳೆದುಹೋಗುತ್ತವೆ. ಕಾದಾಟದ ಆಟಗಳಲ್ಲಿ ಹೊಡೆತ ಎಷ್ಟು ಫ್ರೇಮ್‌ಗೆ ಹೊರಡುತ್ತದೆ, ಏಟು ತಿಂದವನು ಎಷ್ಟು ಫ್ರೇಮ್ ತತ್ತರಿಸುತ್ತಾನೆ ಎಂಬುದೆಲ್ಲ ನಿಗದಿಯಾಗಿರುತ್ತದೆ. ಕೆಳಕ್ಕೆ, ಓರೆಗೆ, ಮುಂದಕ್ಕೆ ಎಂದು ಕಂಟ್ರೋಲರ್‌ನ ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಗುದ್ದುವ ಗುಂಡಿ ಒತ್ತಿದರೆ ವುಲ್ವರಿನ್ ಉಗುರು ಬೀಸುತ್ತಾ ನುಗ್ಗುತ್ತಾನೆ. ಈ ತಿರುವನ್ನು ಕೆಲವೇ ಫ್ರೇಮ್‌ಗಳ ಒಳಗೆ ಮುಗಿಸಬೇಕು. ಆರು ಫ್ರೇಮ್ ಎಂದರೆ ಕೇವಲ 100 ಮಿಲಿಸೆಕೆಂಡ್. ಕೇಳಲು ಏನೂ ಅಲ್ಲ. ಆದರೆ ಎದುರಾಳಿಯ ಹೊಡೆತವನ್ನು ನೋಡಿ ತಡೆಯುವ ನಮ್ಮ ಶಕ್ತಿಯೇ ಸುಮಾರು 200 ಮಿಲಿಸೆಕೆಂಡಿನ ಆಚೆಯದು. ಅದರ ಮೇಲೆ ಟಿ.ವಿ. ಇನ್ನೂ ನೂರು ಹೇರಿದರೆ ಆಟ ಕೈ ತಪ್ಪುತ್ತದೆ.

ಹಾಗಾದರೆ ಆಗ ಈ ನೂರು ಎಲ್ಲಿತ್ತು? ಇರಲೇ ಇಲ್ಲ. ಅದನ್ನು ತಿಳಿಯಲು ಪಿಕ್ಚರ್ ಟ್ಯೂಬ್ ಟಿ.ವಿ.ಯೊಳಗೆ ಹೋಗಬೇಕು.

ಪಿ.ಯು.ಸಿ. ಓದುವಾಗ ಎರಡು ಬೇಸಿಗೆ ನಾನು ಮಂಡಿಪೇಟೆಯ ಒಂದು ಟಿ.ವಿ. ರಿಪೇರಿ ಅಂಗಡಿಯಲ್ಲಿ ಸಹಾಯಕನಾಗಿದ್ದೆ. ಹಿಂಬದಿಯ ಮುಚ್ಚಳ ತೆಗೆದು ಆಲಿಕೆಯಾಕಾರದ ಗಾಜಿನ ಟ್ಯೂಬನ್ನು ತೋರಿಸಿ ನಮ್ಮ ಮೇಸ್ತ್ರಿ ಹೇಳುತ್ತಿದ್ದರು: “ಇದರಲ್ಲಿ ಚಿತ್ರ ಎಂಬುದು ಇಲ್ಲವೇ ಇಲ್ಲ, ಓಡುವ ಒಂದು ಚುಕ್ಕಿ ಇದೆ, ಅಷ್ಟೇ.” ಟ್ಯೂಬಿನ ಕತ್ತಿನಿಂದ ಹೊರಟ ಎಲೆಕ್ಟ್ರಾನ್ ಕಿರಣ ಪರದೆಯ ಮೇಲ್ತುದಿಯ ಎಡ ಮೂಲೆಯಿಂದ ಶುರುಮಾಡಿ ಒಂದೊಂದೇ ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಗೆರೆ. ಗೆರೆಯ ಹೊಳಪು ಬೇಗನೆ ಆರಿದರೂ ಅದು ಕಣ್ಣಿನಿಂದ ಮಾಸುವ ಮೊದಲೇ ಕಿರಣ ಮರಳಿ ಬರುವುದರಿಂದ ನಮಗೆ ಅದು ಇಡೀ ಚಿತ್ರವಾಗಿ ಕಾಣುತ್ತದೆ. ಒಳಗೆ ಬಂದ ಸಂಕೇತ ಆ ಕ್ಷಣವೇ ಬೆಳಕಾಗುತ್ತದೆ. ಅದನ್ನು ಎಲ್ಲೂ ಕೂಡಿಡುವುದಿಲ್ಲ, ಕೂಡಿಡಲು ಜಾಗವೂ ಇಲ್ಲ.

ಆಗಿನ ಆಟದ ಯಂತ್ರಗಳು ಈ ಓಡುವ ಚುಕ್ಕಿಯ ಜೊತೆಗೇ ಓಡುತ್ತಿದ್ದವು. 1977ರ ಅಟಾರಿ 2600 ಯಂತ್ರದಲ್ಲಿದ್ದ ಕೆಲಸದ ಸ್ಮೃತಿ, ಅಂದರೆ ರ್‍ಯಾಮ್, 128 ಬೈಟ್. ಕಿಲೋಬೈಟ್ ಅಲ್ಲ, ಬರಿಯ ಬೈಟ್. ಇಂದಿನ ಯೂನಿಕೋಡ್ ಲೆಕ್ಕದಲ್ಲಿ ‘ಸಿದ್ಧಗಂಗಾ’ ಎಂಬ ಒಂದು ಪದಕ್ಕೆ 27 ಬೈಟ್ ಬೇಕು. ಹಾಗಾಗಿ ಅಟಾರಿಯ ಸ್ಮೃತಿಯಲ್ಲಿ ಆ ಪದವನ್ನು ನಾಲ್ಕು ಸಲ ಬರೆಯಬಹುದು, ಐದನೆಯದು ಹಿಡಿಸುವುದಿಲ್ಲ. ಇಷ್ಟೇ ಜಾಗದಲ್ಲಿ 1979ರಲ್ಲಿ ‘ಸೂಪರ್‌ಮ್ಯಾನ್’ ಆಟ ಬಂತು. ಸೂಪರ್‌ಹೀರೋ ಆಟಗಳ ಮೊದಮೊದಲ ಪೀಳಿಗೆಗೆ ಸೇರಿದ್ದು. ಊರಿನ ಚಿತ್ರವನ್ನು ಪೂರ್ತಿ ಬರೆದಿಟ್ಟುಕೊಳ್ಳುವ ಮಾತೇ ಇಲ್ಲ. ಕಿರಣ ಯಾವ ಗೆರೆಯಲ್ಲಿದೆ ಎಂದು ನೋಡಿಕೊಂಡು, ಆ ಗೆರೆಗೆ ಬೇಕಾದ ಬಣ್ಣವನ್ನು ಆ ಗಳಿಗೆಯಲ್ಲೇ ಒದಗಿಸಬೇಕು. ಒಂದು ಕ್ಷಣ ತಪ್ಪಿದರೆ ಚಿತ್ರ ಹರಿದುಹೋಗುತ್ತದೆ. ಆ ಕಾಲದ ಆಟ ಬರೆದವರ ಬಗ್ಗೆ ನನಗಿರುವ ಗೌರವ ಇಂತಹುದು ಎಂದು ಹೇಳಲು ಬರುವುದಿಲ್ಲ.

1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಮ್ ಇದಕ್ಕಿಂತ ಶ್ರೀಮಂತ: ಮುಖ್ಯ ಸ್ಮೃತಿ 2 ಕಿಲೋಬೈಟ್. ನಮ್ಮ ಊರುಗಳ ಅಂಗಡಿಗಳಲ್ಲಿ ‘ಟಿ.ವಿ. ಗೇಮ್’ ಎಂದು ಮಾರುತ್ತಿದ್ದ ಯಂತ್ರಗಳಲ್ಲಿ ಹೆಚ್ಚಿನವು ಇದರ ನಕಲುಗಳು. ಕಾರ್ಟ್ರಿಜ್ ಎಂಬ ಪದ ನಮಗೆ ಗೊತ್ತಿರಲಿಲ್ಲ, ‘ಕ್ಯಾಸೆಟ್’ ಎನ್ನುತ್ತಿದ್ದೆವು. ಫ್ಯಾಮಿಕಾಮ್ ಕೂಡ ಇಡೀ ಚಿತ್ರವನ್ನು ಕೂಡಿಡದೆ ಕಿರಣದ ಜೊತೆ ಸಾಗುತ್ತಲೇ ಚುಕ್ಕಿಗಳನ್ನು ಹುಟ್ಟಿಸುತ್ತದೆ. ಒಂದು ಗೆರೆಯ ಮೇಲೆ ಅದು ತೋರಿಸಬಲ್ಲ ಚಲಿಸುವ ತುಣುಕುಗಳು ಎಂಟು ಮಾತ್ರ. ಒಂಬತ್ತನೆಯದು ಬಂದರೆ ಕಾಣುವುದೇ ಇಲ್ಲ. ‘ಕಾಂಟ್ರಾ’ ಆಡುವಾಗ ಶತ್ರುಗಳು, ಗುಂಡುಗಳು ಒಟ್ಟಿಗೆ ಬಂದರೆ ಎಲ್ಲವೂ ಮಿಣುಕುತ್ತಿದ್ದದ್ದು ನೆನಪಿದೆಯೇ? ಯಂತ್ರ ಕೆಟ್ಟಿದೆ ಎಂದು ನಾವು ತಲೆಯ ಮೇಲೆ ಎರಡು ಬಡಿಯುತ್ತಿದ್ದೆವು. ಅದು ಕೆಟ್ಟದ್ದಲ್ಲ. ಯಾವುದೋ ಒಂದು ತುಣುಕು ಸದಾ ಮಾಯವಾಗಿ ಉಳಿಯುವ ಬದಲು, ಆಟ ಬರೆದವರು ಫ್ರೇಮ್‌ನಿಂದ ಫ್ರೇಮ್‌ಗೆ ಸರದಿ ಬದಲಾಯಿಸಿ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕಾಣುವ ಅವಕಾಶ ಕೊಡುತ್ತಿದ್ದರು.

ಕೊರತೆಯೇ ಆಟದ ಗುಣವಾದ ಇನ್ನೊಂದು ಉದಾಹರಣೆಯನ್ನು ಬಿಡಲು ಮನಸ್ಸಾಗುವುದಿಲ್ಲ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಮೇಲಿನಿಂದ ಸಾಲುಸಾಲಾಗಿ ಇಳಿಯುವ ಅನ್ಯಗ್ರಹದವರು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ, ಕೊನೆಯವನು ಹುಚ್ಚು ಹಿಡಿದವನಂತೆ ಓಡುತ್ತಾನೆ. ಆಟ ರೂಪಿಸಿದ ತೊಮೊಹಿರೊ ನಿಶಿಕಾಡೊ ಇದನ್ನು ಮೊದಲೇ ಯೋಚಿಸಿ ಇಟ್ಟದ್ದಲ್ಲ. ಬರೆಯಬೇಕಾದ ಚಿತ್ರಗಳು ಕಡಿಮೆಯಾದಂತೆ ಪ್ರೊಸೆಸರ್‌ನ ಹೊರೆ ಇಳಿದು ಅದು ತಾನಾಗಿ ಚುರುಕಾಗುತ್ತಿತ್ತು. ಆಟಕ್ಕೆ ಇದು ಒಳ್ಳೆಯದೇ ಎಂದು ಅವರು ಹಾಗೆಯೇ ಬಿಟ್ಟರು.

ಈಗ ಅಕ್ಕನ ಮನೆಯ ಟಿ.ವಿ.ಗೆ ಬರೋಣ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಹಬೆಯ ಪಾತ್ರೆಯಿಂದ ತಟ್ಟೆ ಇಳಿದದ್ದೇ ನಮ್ಮ ಮುಂದಿರುತ್ತದೆ. ಇದು ಪಿಕ್ಚರ್ ಟ್ಯೂಬ್. ಮದುವೆ ಮನೆಯ ಪಂಕ್ತಿ ಬೇರೆ. ಅಡುಗೆ ಆಗಿದ್ದರೂ ಸಾಲು ಪೂರ್ತಿ ಕುಳಿತು, ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪಿನಿಂದ ಬಡಿಸಲು ಶುರುಮಾಡಬೇಕು. ಇದು ಇಂದಿನ ಎಲ್‌.ಇ.ಡಿ. ಟಿ.ವಿ. ಒಳಬಂದ ಚಿತ್ರವನ್ನು ಅದು ಮೊದಲು ಪೂರ್ತಿ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ತನ್ನ ಪರದೆಯ ಅಳತೆಗೆ ಹಿಗ್ಗಿಸುತ್ತದೆ, ಬಣ್ಣ ತಿದ್ದುತ್ತದೆ, ಅಂಚು ಚೂಪು ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಚಲನೆಯನ್ನು ನಯಗೊಳಿಸುವ ಸೌಲಭ್ಯ: ಎರಡು ಫ್ರೇಮ್‌ಗಳ ನಡುವೆ ತಾನೇ ಒಂದು ಹೊಸ ಫ್ರೇಮ್ ಊಹಿಸಿ ತುಂಬುತ್ತದೆ. ನಡುವಿನದನ್ನು ಊಹಿಸಲು ಮುಂದಿನ ಫ್ರೇಮ್ ಕೈಯಲ್ಲಿರಬೇಕಲ್ಲವೇ? ಹಾಗಾಗಿ ಅದು ಬರುವವರೆಗೆ ಈಗಿನದನ್ನು ತಡೆಹಿಡಿಯಲೇಬೇಕು. ಕ್ರಿಕೆಟ್ ನೋಡುವಾಗ ಈ ತಡ ಯಾರಿಗೂ ತಿಳಿಯುವುದಿಲ್ಲ. ಗುಂಡಿ ಒತ್ತಿ ಕಾಯುವವನಿಗೆ ಮಾತ್ರ ತಿಳಿಯುತ್ತದೆ.

ಈ ತಡದಿಂದ ಪೂರ್ತಿ ಸತ್ತೇಹೋದ ಒಂದು ಆಟವೂ ಇದೆ. ಬಾತುಕೋಳಿಗೆ ಗುರಿಯಿಟ್ಟು ಪ್ಲಾಸ್ಟಿಕ್ ಬಂದೂಕಿನಿಂದ ಹೊಡೆಯುವ, 1984ರ ‘ಡಕ್ ಹಂಟ್’. ಬಂದೂಕಿನಿಂದ ಏನೋ ಹೊರಟು ಟಿ.ವಿ.ಗೆ ತಾಗುತ್ತದೆ ಎಂದು ನಾವು ನಂಬಿದ್ದೆವು. ನಡೆಯುವುದು ಅದರ ತದ್ವಿರುದ್ಧ. ಬಂದೂಕಿನ ನಳಿಗೆಯಲ್ಲಿರುವುದು ಬೆಳಕನ್ನು ಗುರುತಿಸುವ ಸಣ್ಣ ಕಣ್ಣು. ಕುದುರೆ ಎಳೆದ ಕೂಡಲೇ ಆಟ ಒಂದು ಫ್ರೇಮ್ ಮಟ್ಟಿಗೆ ಪರದೆಯನ್ನು ಕಪ್ಪಾಗಿಸುತ್ತದೆ, ಮುಂದಿನ ಫ್ರೇಮ್‌ನಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ತೋರಿಸುತ್ತದೆ. ಕಪ್ಪಿನ ಹಿಂದೆಯೇ ಬಿಳುಪು ಕಂಡರೆ ಗುರಿ ಸರಿ. ಎರಡು ಬಾತುಕೋಳಿ ಇದ್ದರೆ ಎರಡು ಚೌಕಗಳು, ಒಂದಾದ ಮೇಲೆ ಒಂದು ಫ್ರೇಮ್‌ನಲ್ಲಿ. ಯಾವ ಫ್ರೇಮ್‌ನಲ್ಲಿ ಬಿಳುಪು ಕಂಡಿತು ಎಂಬುದರಿಂದಲೇ ಸತ್ತದ್ದು ಯಾವುದು ಎಂಬ ತೀರ್ಮಾನ. ಇಡೀ ವಿಚಾರಣೆ ಕೆಲವು ಫ್ರೇಮ್‌ಗಳಲ್ಲಿ ಮುಗಿಯುತ್ತದೆ. ಹೊಸ ಟಿ.ವಿ.ಯಲ್ಲಿ ಬಿಳಿ ಚೌಕ ಪರದೆಗೆ ಬರುವಷ್ಟರಲ್ಲಿ ಆಟ ತೀರ್ಪು ಕೊಟ್ಟು ಎದ್ದುಹೋಗಿರುತ್ತದೆ. ಗುರಿ ಎಷ್ಟೇ ನೇರವಿದ್ದರೂ ಬಾತುಕೋಳಿ ಬೀಳುವುದಿಲ್ಲ.

ತಡಕ್ಕೆ ಟಿ.ವಿ. ಒಂದೇ ಕಾರಣವಲ್ಲ. ಈಗಿನ ಕನ್ಸೋಲ್ ಹಳೆಯ ಆಟವನ್ನು ನೇರವಾಗಿ ಓಡಿಸಲಾರದು, ಏಕೆಂದರೆ ಆ ಆಟ ಬರೆದದ್ದು ಬೇರೊಂದು ಪ್ರೊಸೆಸರ್‌ನ ಭಾಷೆಯಲ್ಲಿ. ನಡುವೆ ಒಬ್ಬ ದುಭಾಷಿ ಬೇಕು. ಎಮ್ಯುಲೇಟರ್ ಎಂದರೆ ಅದೇ: ಹಳೆಯ ಯಂತ್ರದ ಪ್ರತಿಯೊಂದು ಆದೇಶವನ್ನೂ ಓದಿ, ಆ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಮಾಡಿ ತೋರಿಸುವ ತಂತ್ರಾಂಶ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ‘ಮೇಮ್’ ಯೋಜನೆ ಈ ದಾರಿಯಲ್ಲಿ ಸಾವಿರಾರು ನಾಣ್ಯದ ಆಟಗಳನ್ನು ಉಳಿಸಿದೆ. ಉಳಿಸಿದೆ ಎಂಬ ಮಾತನ್ನು ತೂಕ ಮಾಡಿಯೇ ಬಳಸಿದ್ದೇನೆ. ಕ್ಯಾಪ್ಕಾಮ್‌ನ ಸೂಪರ್‌ಹೀರೋ ಕಾದಾಟಗಳು ಓಡುತ್ತಿದ್ದ ಸಿ.ಪಿ.ಎಸ್.-2 ಎಂಬ ಬೋರ್ಡ್‌ನಲ್ಲಿ ಆಟವನ್ನು ಗೂಢಲಿಪಿಯಲ್ಲಿ ಇಟ್ಟಿದ್ದರು. ಅದನ್ನು ಬಿಡಿಸುವ ಕೀಲಿ ಒಂದು ಬ್ಯಾಟರಿಯ ಆಸರೆಯಲ್ಲಿ ಉಳಿಯುವ ಸ್ಮೃತಿಯಲ್ಲಿತ್ತು. ಬ್ಯಾಟರಿ ಸತ್ತ ದಿನ ಕೀಲಿ ಅಳಿಸಿಹೋಗಿ ಬೋರ್ಡ್ ಬರೀ ತಗಡಾಗುತ್ತಿತ್ತು. ಗೂಢಲಿಪಿಯನ್ನು ಪೂರ್ತಿ ಭೇದಿಸಲು 2007ರವರೆಗೆ ಕಾಯಬೇಕಾಯಿತು.

ದುಭಾಷಿ ಎಷ್ಟೇ ಚುರುಕಾಗಿದ್ದರೂ ಚಿತ್ರವನ್ನು ಪೂರ್ತಿ ಬರೆದು ಕೈದಾಟಿಸುವಾಗ ಒಂದೆರಡು ಫ್ರೇಮ್ ಹೋಗಬಹುದು. ಅದನ್ನು ಮರಳಿ ಗಳಿಸಲು ಕೆಲವು ಎಮ್ಯುಲೇಟರ್‌ಗಳು ಹೂಡಿರುವ ಉಪಾಯ ನನಗೆ ತುಂಬಾ ಇಷ್ಟ. ಗುಂಡಿ ಒತ್ತಿದ ಮೇಲೆ ಫಲ ಕಾಣಲು ಆಟದ ಒಳಗೇ ಎರಡು ಫ್ರೇಮ್ ಬೇಕು ಎಂದುಕೊಳ್ಳಿ. ಎಮ್ಯುಲೇಟರ್ ನಮಗೆ ಕಾಣದಂತೆ ಆಟವನ್ನು ಎರಡು ಫ್ರೇಮ್ ಮುಂದಕ್ಕೆ ಓಡಿಸಿ, ಆ ಮುಂದಿನ ಚಿತ್ರವನ್ನು ಈಗಲೇ ತೋರಿಸಿ, ಮತ್ತೆ ಹಿಂದಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಫ್ರೇಮ್‌ಗೂ ಹೀಗೆ ಹೋಗಿ ಬರುವುದು. ಇಂದಿನ ಪ್ರೊಸೆಸರ್‌ಗಳಿಗೆ ಹಳೆಯ ಆಟ ಅಷ್ಟು ಹಗುರ.

ಆ ಕಾಲದಲ್ಲೇ ನಾಣ್ಯದ ಆಟಗಳನ್ನು ಮನೆಯ ಯಂತ್ರಗಳಿಗೆ ತರುವಾಗ ಕಳೆದುಕೊಂಡದ್ದೂ ಉಂಟು. 1996ರ ‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’ನ ಜೀವಾಳವೇ ಒಬ್ಬೊಬ್ಬ ಆಟಗಾರನೂ ಇಬ್ಬರು ವೀರರನ್ನು ಆರಿಸಿಕೊಂಡು, ಕಾದಾಟದ ನಡುವೆ ಒಬ್ಬನನ್ನು ಹಿಂದಕ್ಕೆ ಕರೆದು ಇನ್ನೊಬ್ಬನನ್ನು ಇಳಿಸುವುದು. ಹಾಗೆ ಮಾಡಲು ನಾಲ್ವರ ಎಲ್ಲ ಭಂಗಿಗಳ ಚಿತ್ರಗಳೂ ಸ್ಮೃತಿಯಲ್ಲಿ ಸಿದ್ಧವಿರಬೇಕು. ಸೋನಿಯ ಮೊದಲ ಪ್ಲೇಸ್ಟೇಷನ್‌ನಲ್ಲಿ ಅಷ್ಟು ಸ್ಮೃತಿ ಇರಲಿಲ್ಲ, ಹಾಗಾಗಿ ಆ ಆವೃತ್ತಿಯಲ್ಲಿ ಇಷ್ಟಬಂದ ಜೋಡಿಯನ್ನು ಕಟ್ಟಿ ನಡುವೆ ಬದಲಾಯಿಸುವುದನ್ನೇ ಕೈಬಿಟ್ಟರು. ಸೆಗಾ ಸ್ಯಾಟರ್ನ್‌ನಲ್ಲಿ 4 ಮೆಗಾಬೈಟ್‌ನ ಹೆಚ್ಚುವರಿ ಸ್ಮೃತಿಯ ಕಾರ್ಟ್ರಿಜ್ ಸಿಕ್ಕಿಸಿ ಆಟವನ್ನು ಹೆಚ್ಚುಕಡಿಮೆ ಇದ್ದಂತೆಯೇ ತಂದರು. ಅಳಿಯ ಇಂದು ಆಡುತ್ತಿರುವ ಕಂತೆಯಲ್ಲಿ ನಾಣ್ಯದ ಯಂತ್ರದ ಮೂಲ ಆಟವೇ ಇದೆ. ಆ ಮಟ್ಟಿಗೆ ಅವನು ನಮ್ಮ ಕಾಲದ ಶ್ರೀಮಂತರ ಮಕ್ಕಳಿಗಿಂತ ಭಾಗ್ಯವಂತ.

ಕೈಯಲ್ಲಿ ಹಿಡಿದು ಆಡುವ ಸಣ್ಣ ಕನ್ಸೋಲ್‌ಗಳಲ್ಲಿ ಪರದೆ ಮತ್ತು ಯಂತ್ರ ಒಂದೇ ಡಬ್ಬಿಯಲ್ಲಿರುವುದರಿಂದ ಟಿ.ವಿ.ಯ ಈ ತಂಟೆ ಇಲ್ಲ. ಅಲ್ಲಿ ನೋಡಬೇಕಾದದ್ದು ಅಳತೆ. 1989ರ ನಿಂಟೆಂಡೊ ಗೇಮ್‌ಬಾಯ್‌ನ ಪರದೆ 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರ. ಈಗ ಆನ್‌ಲೈನಿನಲ್ಲಿ ಸಿಗುವ ಹಲವು ಸಣ್ಣ ಯಂತ್ರಗಳ ಪರದೆ 640 ಅಗಲ, 480 ಎತ್ತರ. ಒಂದು ಹಳೆಯ ಚುಕ್ಕಿಯನ್ನು ಮೂರಕ್ಕೆ ಮೂರು ಹೊಸ ಚುಕ್ಕಿಗಳಾಗಿ ಬರೆದರೆ 480 ಅಗಲ, 432 ಎತ್ತರ ಆಗುತ್ತದೆ. ಸುತ್ತ ಸ್ವಲ್ಪ ಕಪ್ಪು ಅಂಚು ಉಳಿಯುತ್ತದೆ. ಆ ಅಂಚನ್ನು ಸಹಿಸದೆ ಪರದೆ ತುಂಬ ಎಳೆದರೆ ಕೆಲವು ಚುಕ್ಕಿಗಳು ಮೂರರಷ್ಟು, ಕೆಲವು ನಾಲ್ಕರಷ್ಟು ದಪ್ಪವಾಗುತ್ತವೆ. ಸ್ಪೈಡರ್‌ಮ್ಯಾನ್ ಓಡಿದಂತೆ ಅವನ ಮುಖ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಸೆಟ್ಟಿಂಗ್‌ನಲ್ಲಿ ಪೂರ್ಣಾಂಕದ ಲೆಕ್ಕದಲ್ಲಿ ಹಿಗ್ಗಿಸುವ ಆಯ್ಕೆ ಇರುತ್ತದೆ. ಅದನ್ನೇ ಇಟ್ಟುಕೊಳ್ಳಿ, ಕಪ್ಪು ಅಂಚು ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಇಂತಹ ಯಂತ್ರಗಳ ಜೊತೆ ಸಾವಿರಾರು ಆಟ ತುಂಬಿದ ಮೆಮೊರಿ ಕಾರ್ಡ್ ಕೊಡುತ್ತಾರಲ್ಲ, ಅದರ ಬಗ್ಗೆಯೂ ಒಂದು ಮಾತು: ಎಮ್ಯುಲೇಟರ್ ತಾನಾಗಿ ತಪ್ಪಲ್ಲ, ಆದರೆ ಆ ಆಟಗಳಿಗೆ ಹಕ್ಕುದಾರರಿದ್ದಾರೆ. ಅಧಿಕೃತ ಕಂತೆ ಸಿಗುವ ಆಟಗಳನ್ನು ಕೊಂಡು ಆಡುವುದೇ ಸರಿ ಎಂದು ನಾನು ಅಳಿಯನಿಗೆ ಹೇಳಿದ್ದೇನೆ. ಅವು ಮಾರಾಟವಾದರೆ ಇನ್ನಷ್ಟು ಹಳೆಯ ಆಟಗಳು ಬೆಳಕಿಗೆ ಬರುತ್ತವೆ.

ಅಕ್ಕನ ಮನೆಯಲ್ಲಿ ನಾವು ಮಾಡಿದ್ದು ಇಷ್ಟು. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹುಡುಕಿ ಹಾಕಿದೆವು. ಹಿಗ್ಗಿಸುವುದೊಂದನ್ನು ಉಳಿಸಿ ಮಿಕ್ಕ ಅಲಂಕಾರಗಳನ್ನೆಲ್ಲ ಟಿ.ವಿ. ಕೈಬಿಡುವುದು ಈ ಒಂದು ಆಯ್ಕೆಯಿಂದ. ಚಲನೆ ನಯಗೊಳಿಸುವುದನ್ನು ಪ್ರತ್ಯೇಕವಾಗಿ ನಿಲ್ಲಿಸಿದೆವು. ನಿಸ್ತಂತು ಕಂಟ್ರೋಲರ್‌ಗೆ ತಂತಿ ಜೋಡಿಸಿದೆವು. ತಂತಿಯಿಂದ ಆದ ಲಾಭ ಮಾತ್ರ ಸಣ್ಣದು. ಅಳಿಯ ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಗುಂಡಿ ಒತ್ತಿದ. ವುಲ್ವರಿನ್ ಉಗುರು ಬೀಸುತ್ತಾ ನುಗ್ಗಿದ. ಇನ್ನೊಮ್ಮೆ ಒತ್ತಿದ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಊಟಕ್ಕೆ ಅಕ್ಕ ಮೂರು ಸಲ ಕೂಗಬೇಕಾಯಿತು.

ಸಂಜೆ ಭಾವ ಅಟ್ಟದಿಂದ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಯನ್ನೂ ನನ್ನ ಹಳೆಯ ಟಿ.ವಿ. ಗೇಮನ್ನೂ ಇಳಿಸಿಕೊಟ್ಟರು. ಕ್ಯಾಸೆಟ್‌ನ ತಾಮ್ರದ ಹಲ್ಲುಗಳು ಕಪ್ಪಾಗಿದ್ದವು. ಹಿಂದೆ ಬಾಯಲ್ಲಿ ಊದುತ್ತಿದ್ದೆವು, ಉಸಿರಿನ ತೇವ ಲೋಹಕ್ಕೆ ಕೆಡುಕು ಎಂದು ಆಗ ಗೊತ್ತಿರಲಿಲ್ಲ. ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಸಿಕ್ಕಿಸಿದೆ. ಮೂರನೇ ಪ್ರಯತ್ನಕ್ಕೆ ಮಾರಿಯೋ ಬಂದ. ಎರಡು ನಿಮಿಷ ಆಡಿದ ಅಳಿಯ ಕಿವಿಗೊಟ್ಟು ಕೇಳಿ, “ಮಾವ, ಹಾಡು ನಿಧಾನವಾಗಿದೆ” ಎಂದ.

ನಿಧಾನವಾಗಿಯೇ ಇತ್ತು. ಜಪಾನಿನ ಟಿ.ವಿ. ಸೆಕೆಂಡಿಗೆ 60 ಸಲ ಪರದೆ ಬರೆದರೆ, ನಮ್ಮ ದೇಶ ಒಪ್ಪಿಕೊಂಡ ಪಾಲ್ ಎಂಬ ಟಿ.ವಿ. ಪದ್ಧತಿಯಲ್ಲಿ ಅದು 50 ಸಲ. ಆಟದ ಗಡಿಯಾರ ಓಡುವುದು ಫ್ರೇಮ್‌ಗಳ ಎಣಿಕೆಯಿಂದ. ಅರವತ್ತಕ್ಕೆಂದು ಬರೆದ ಆಟವನ್ನು ಐವತ್ತರ ಯಂತ್ರದಲ್ಲಿ ಹಾಕಿದರೆ ಮಾರಿಯೋ, ಮೋಡ, ಹಾಡು ಎಲ್ಲವೂ ಆರರಲ್ಲಿ ಐದು ಭಾಗದ ವೇಗಕ್ಕೆ ಇಳಿಯುತ್ತವೆ. ನನ್ನ ಟಿ.ವಿ. ಗೇಮ್ ಪಾಲ್‌ಗೆ ಹೊಂದಿಸಿದ್ದು. ‘ಸೂಪರ್ ಮಾರಿಯೋ ಬ್ರದರ್ಸ್’ನ ಮೇಲ್ತುದಿಯಲ್ಲಿ 400ರಿಂದ ಇಳಿಯುವ ಸಮಯವಿದೆಯಲ್ಲ, ಅದರ ಒಂದೊಂದು ಅಂಕಿಗೂ 24 ಫ್ರೇಮ್. ಹಾಗಾಗಿ ನೂರು ಅಂಕಿ ಇಳಿಯಲು ಅರವತ್ತರ ಯಂತ್ರದಲ್ಲಿ 40 ಸೆಕೆಂಡ್ ಸಾಕು, ಐವತ್ತರದ್ದರಲ್ಲಿ 48 ಬೇಕು.

ಅಳಿಯ ನಂಬಲಿಲ್ಲ. ಅಕ್ಕನ ಮೊಬೈಲ್ ತಂದು ಸ್ಟಾಪ್‌ವಾಚ್ ತೆರೆದ. ಮಾರಿಯೋನನ್ನು ಮೊದಲ ಇಟ್ಟಿಗೆಯ ಈಚೆಗೇ ನಿಲ್ಲಿಸಿ ಕೈ ಕಟ್ಟಿ ಕುಳಿತೆವು. ಆ ಹಾಡಿಗೆ ನನ್ನ ಪಾದ ತಾನಾಗಿ ತಾಳ ಹಾಕುತ್ತಿತ್ತು. ನನಗೆ ಅದು ಎಂದೂ ನಿಧಾನ ಎನಿಸಿರಲಿಲ್ಲ. ಅಂಕಿ 300 ತಲುಪಿದಾಗ ಅವನು ಬೆರಳು ಒತ್ತಿ ಮೊಬೈಲನ್ನು ನನ್ನ ಕಡೆ ತಿರುಗಿಸಿದ. ನಲವತ್ತೆಂಟು.